ನುಸಿ ಔಷಧಿಗೆ ಬಗ್ಗದಿರುವುದೇಕೆ?

ಗುಲಾಬಿ, ಬದನೆ, ಬೆಂಡೆ, ಹುರುಳಿಕಾಯಿ ಗಿಡಗಳ ಎಲೆಯಡಿಯಲ್ಲಿ ನವಿರಾದ ಬಲೆ ನೇಯ್ದುಕೊಂಡು ರಸ ಹೀರುವ ಎರಡು ಚುಕ್ಕೆಯ ಜೇಡನುಸಿ ಕೀಟವಲ್ಲ. ಅರ್ಧ ಮಿಲಿಮೀಟರಿನಷ್ಟೇ ಉದ್ದವಿರುವ ಇದು ಎಂಟು ಕಾಲಿನ ಜೇಡಗಳ ಬಳಗಕ್ಕೆ ಸೇರಿದ ಜೀವಿ. ಜಗತ್ತಿನ ಒಂದಲ್ಲ ಒಂದು ಕಡೆ ಈ ನುಸಿ 90ಕ್ಕೂ ಹೆಚ್ಚು ರಾಸಾಯನಿಕಗಳನ್ನು ತಾಳಿಕೊಂಡದ್ದು ದಾಖಲಾಗಿದೆ. ಔಷಧಿ ಇದಕ್ಕೆ ಹೊಸ ಗುಣವನ್ನೇನೂ ಕಲಿಸುವುದಿಲ್ಲ. ಲಕ್ಷಾಂತರ ನುಸಿಗಳ ನಡುವೆ ಆಕಸ್ಮಿಕವಾಗಿ ವಂಶವಾಹಿ ಬದಲಾಗಿದ್ದ ಕೆಲವು ಸಿಂಪಡಣೆಯ ನಂತರ ಉಳಿಯುತ್ತವೆ, ಹಾಗೆ ಬದುಕುಳಿದವು ಮೊಟ್ಟೆಯಿಡುತ್ತವೆ. ಬೇಸಿಗೆಯಲ್ಲಿ ವಾರ-ಹತ್ತು ದಿನಕ್ಕೊಂದು ಪೀಳಿಗೆ ಮುಗಿಯುವುದರಿಂದ ಒಂದೇ ಹಂಗಾಮಿನಲ್ಲಿ ತೋಟದ ನುಸಿಗಳ ಸ್ವರೂಪವೇ ಬದಲಾಗಬಹುದು.

ವೇಗವೊಂದೇ ಕಾರಣವಲ್ಲ. ಗಂಡಿನೊಂದಿಗೆ ಕೂಡದ ಹೆಣ್ಣೂ ಮೊಟ್ಟೆಯಿಡುತ್ತದೆ, ಆ ಮೊಟ್ಟೆಗಳಿಂದ ಗಂಡುಗಳೇ ಹುಟ್ಟುತ್ತವೆ. ಹೆಣ್ಣಿನಲ್ಲಿ ಪ್ರತಿ ವರ್ಣತಂತುವಿಗೂ ಜೋಡಿಯಿದ್ದರೆ ಗಂಡಿನಲ್ಲಿರುವುದು ಮೂರೇ ಒಂಟಿ ವರ್ಣತಂತುಗಳು. ಇದರ ಪರಿಣಾಮ ದೊಡ್ಡದು. ಎಟಾಕ್ಸಜೋಲ್ ಎಂಬ ಔಷಧಿ ನುಸಿಯ ಹೊರಕವಚಕ್ಕೆ ಬೇಕಾದ ಕೈಟಿನ್ ತಯಾರಿಕೆಗೆ ಅಡ್ಡಿಪಡಿಸುತ್ತದೆ. ಕೈಟಿನ್ ಕಟ್ಟುವ ಕಿಣ್ವದ 1017ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಔಷಧಿ ನಾಟುವುದಿಲ್ಲವೆಂದು 2012ರಲ್ಲಿ ಗೊತ್ತಾಯಿತು. ಈ ಗುಣ ಅಪ್ರಬಲವಾದದ್ದು. ಜೋಡಿಯಲ್ಲಿ ಒಂದು ಪ್ರತಿ ಮಾತ್ರ ಬದಲಾಗಿದ್ದರೆ ಹೆಣ್ಣು ಮರಿ ಸಾಯುತ್ತದೆ. ಗಂಡಿನಲ್ಲಿ ಮರೆಮಾಡಲು ಇನ್ನೊಂದು ಪ್ರತಿಯೇ ಇಲ್ಲದ ಕಾರಣ ಅದೇ ಗುಣ ನೇರವಾಗಿ ಪ್ರಕಟವಾಗಿ, ಆ ಗಂಡು ಬದುಕಿ, ಮುಂದಿನ ಪೀಳಿಗೆಗೆ ಅದನ್ನು ದಾಟಿಸುತ್ತದೆ.

ಬೈಫೆನಜೇಟ್ ಎಂಬ ಇನ್ನೊಂದು ಔಷಧಿಯ ಪ್ರಕರಣವಂತೂ ಪತ್ತೇದಾರಿ ಕಥೆಯಂತಿದೆ. ಅದು ನರಗಳ ಮೇಲೆ ಕೆಲಸ ಮಾಡುತ್ತದೆಂದು ಮೊದಲು ಭಾವಿಸಲಾಗಿತ್ತು. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಥಾಮಸ್ ವಾನ್ ಲಿಯುವೆನ್ ಮತ್ತು ಸಂಗಡಿಗರು ತಾಳಿಕೆಯ ನುಸಿಗಳನ್ನು ಸಾಮಾನ್ಯ ನುಸಿಗಳೊಂದಿಗೆ ಕೂಡಿಸಿದಾಗ, ತಾಯಿ ತಾಳಿಕೆಯದಾಗಿದ್ದರೆ ಮರಿಗಳೂ ತಾಳುತ್ತಿದ್ದವು, ತಂದೆಯಿಂದ ಮಾತ್ರ ಆ ಗುಣ ಬರುತ್ತಿರಲಿಲ್ಲ. ಹೀಗೆ ತಾಯಿಯಿಂದಷ್ಟೇ ಬರುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎ. ಅಲ್ಲಿ ಹುಡುಕಿದಾಗ ಸೈಟೊಕ್ರೋಮ್ ಬಿ ವಂಶವಾಹಿಯಲ್ಲಿ ಬದಲಾವಣೆಗಳು ಸಿಕ್ಕವು. ಔಷಧಿ ಎಲ್ಲಿ ಏಟು ಹಾಕುತ್ತದೆಂಬುದನ್ನು ಅದನ್ನು ಗೆದ್ದ ನುಸಿಯೇ ತೋರಿಸಿಕೊಟ್ಟಿತು.

ಇವೆಲ್ಲ ಔಷಧಿ ತಾಗುವ ಜಾಗವೇ ಬದಲಾದ ಉದಾಹರಣೆಗಳು. ನನಗೆ ಹೆಚ್ಚು ಆತಂಕಕಾರಿಯೆನಿಸುವುದು ಎರಡನೆಯ ದಾರಿ: ವಿಷವನ್ನೇ ಒಡೆದುಹಾಕುವುದು. 2011ರಲ್ಲಿ ಪ್ರಕಟವಾದ ಈ ನುಸಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಕೇವಲ ಒಂಬತ್ತು ಕೋಟಿ ಅಕ್ಷರಗಳಷ್ಟು ಚಿಕ್ಕದು. ಆದರೂ ಅದರಲ್ಲಿ ಪಿ450 ಎಂಬ ನಿರ್ವಿಷಕಾರಿ ಕಿಣ್ವಗಳ 80ಕ್ಕೂ ಹೆಚ್ಚು ವಂಶವಾಹಿಗಳಿವೆ. ಅವುಗಳಲ್ಲೊಂದು ಅಬಾಮೆಕ್ಟಿನ್ ಎಂಬ ನುಸಿನಾಶಕವನ್ನು ನಿರುಪದ್ರವಿಯಾಗಿಸುತ್ತದೆ. ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ತಿನ್ನುವ ನುಸಿ, ಆ ಗಿಡಗಳು ಆತ್ಮರಕ್ಷಣೆಗೆ ತಯಾರಿಸುವ ವಿಷಗಳನ್ನೆಲ್ಲ ಜೀರ್ಣಿಸಿಕೊಳ್ಳಬೇಕಲ್ಲವೇ? ಸೈನೈಡನ್ನು ನಿಭಾಯಿಸುವ ವಂಶವಾಹಿಯನ್ನಂತೂ ಅದರ ಪೂರ್ವಜರು ಬ್ಯಾಕ್ಟೀರಿಯಾಗಳಿಂದಲೇ ಪಡೆದಿದ್ದಾರೆ. ಹುರುಳಿಕಾಯಿ ಗಿಡದ ನುಸಿಗಳನ್ನು ಟೊಮೆಟೊ ಮೇಲೆ ಪೀಳಿಗೆಗಟ್ಟಲೆ ಬೆಳೆಸಿದಾಗ, ಔಷಧಿಯ ಸೋಂಕೇ ಇಲ್ಲದೆ, ಅವು ಕೆಲವು ಕೀಟನಾಶಕಗಳನ್ನು ಮೊದಲಿಗಿಂತ ಹೆಚ್ಚು ತಾಳತೊಡಗಿದವೆಂದು 2013ರ ಅಧ್ಯಯನ ತೋರಿಸಿತು.

ಕ್ರಿಯಾವಿಧಾನ ಬೇರೆಯಿರುವ ಔಷಧಿಗಳನ್ನು ಸರದಿಯಲ್ಲಿ ಬಳಸಬೇಕೆಂಬ ಸಲಹೆ ಮೊದಲ ದಾರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಒಂದೇ ಕಿಣ್ವ ಬೇರೆ ಬೇರೆ ಗುಂಪಿನ ವಿಷಗಳನ್ನು ಒಡೆಯಬಲ್ಲದಾದ ಕಡೆ ಸರದಿಯೂ ಸೋಲಬಹುದು, ನುಸಿಗಳನ್ನು ತಿನ್ನುವ ಪರಭಕ್ಷಕ ನುಸಿಗಳನ್ನು ಉಳಿಸಿಕೊಳ್ಳುವುದು ಅಲ್ಲಿ ಹೆಚ್ಚು ಫಲ ಕೊಟ್ಟೀತು.