ಶಾರ್ತ್ರ್‌ಗೆ ಒಂದಿಡೀ ದಿನ ಇಟ್ಟುಕೊಳ್ಳಿ

ನಮ್ಮ ಕಡೆಯವರ ಗುಂಪುಗಳನ್ನು ಹನ್ನೆರಡು ವರ್ಷದಿಂದ ಯುರೋಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಪ್ಯಾರಿಸ್‌ನಲ್ಲಿ ಒಂದು ದಿನ ಬಿಡುವು ಸಿಕ್ಕರೆ ನಾನು ಹೇಳುವ ಊರು ಶಾರ್ತ್ರ್. ಮೊಂಪಾರ್ನಾಸ್ ಸ್ಟೇಷನ್ನಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ತಕ್ಷಣ ಯಾರಾದರೂ ಕೇಳುತ್ತಾರೆ: "ಅಷ್ಟು ಹತ್ತಿರ ಅಂದ್ರೆ ಅವತ್ತೇ ವರ್ಸೈ ಅರಮನೆನೂ ಮುಗಿಸಬಹುದಲ್ವಾ?" ಬೇಡ. ಈ ಊರಿನ ದೊಡ್ಡ ಚರ್ಚಿನೊಳಗೆ ಒಂದೇ ದಿನ ಎರಡು ಸಲ ಹೋಗಬೇಕು. ಅದಕ್ಕೇ ಇಡೀ ದಿನ ಬೇಕು.

ಎರಡು ಸಲ ಯಾಕೆ ಅಂದರೆ, ಅಲ್ಲಿ ನೋಡಬೇಕಾದ್ದು ಬಣ್ಣದ ಗಾಜಿನ ಕಿಟಕಿಗಳು. 1194ರಲ್ಲಿ ಹಳೇ ಚರ್ಚು ಬೆಂಕಿಗೆ ಹೋದ ಮೇಲೆ ಈಗಿನದನ್ನು ಕಟ್ಟಿದರು. ಕಿಟಕಿಗಳಲ್ಲಿ ಹೆಚ್ಚಿನವು ಆಗಿನ ಕಾಲದವೇ. 1939ರಲ್ಲಿ ಯುದ್ಧದ ಭಯಕ್ಕೆ ಗಾಜನ್ನೆಲ್ಲಾ ಬಿಚ್ಚಿ, ಪೆಟ್ಟಿಗೆಗೆ ತುಂಬಿ ಅಡಗಿಸಿಟ್ಟಿದ್ದರು. ಹಾಗಾಗಿ ಇವತ್ತಿಗೂ ನಮಗೆ ಸಿಕ್ಕಿವೆ. ಬೆಳಿಗ್ಗೆ ಪೂರ್ವದ ಕಿಟಕಿಗಳು ಬೆಳಗುತ್ತವೆ. ಮಧ್ಯಾಹ್ನ ಇಳಿಯುತ್ತಾ ಬಂದಂತೆ ಪಶ್ಚಿಮದ ಚಕ್ರದಾಕಾರದ ದೊಡ್ಡ ಕಿಟಕಿಗೆ ಜೀವ ಬರುತ್ತದೆ. ಹನ್ನೊಂದಕ್ಕೆ ಒಂದು ಸಲ, ಮೂರೂವರೆ ಮೇಲೆ ಇನ್ನೊಂದು ಸಲ ಹೋಗಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಮೋಡ ಕವಿದ ದಿನವಾದರೆ ಕಾರ್ಯಕ್ರಮವನ್ನೇ ಮರುದಿನಕ್ಕೆ ಹಾಕಿ.

ಗುಂಪಿಗೆ ಎರಡು ಮೂರು ಬೈನಾಕ್ಯುಲರ್ ಇರಲಿ. ಬೈಬಲ್ಲಿನ ನೋಹನ ಕಥೆಯ ಕಿಟಕಿಯ ಬುಡ ನೋಡಿ. ಬಂಡಿಗೆ ಗಾಲಿ ಮಾಡುವವರು, ಪೀಪಾಯಿ ಕಟ್ಟುವವರು, ಮರ ಕೆತ್ತುವ ಬಡಗಿಗಳು, ಎಲ್ಲರೂ ಕೆಲಸದಲ್ಲಿ ಮುಳುಗಿದ್ದಾರೆ. ಸಂತರ ಜೊತೆಗೆ ದುಡಿಯುವವರಿಗೂ ಜಾಗ ಸಿಕ್ಕಿದೆ. ನನಗೆ ಇಡೀ ಚರ್ಚಿನಲ್ಲಿ ಜಾಸ್ತಿ ಇಷ್ಟ ಇದೇ.

ಊಟದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಫ್ರಾನ್ಸಿನ ಸಣ್ಣ ಊರುಗಳಲ್ಲಿ ಹೋಟೆಲ್ ಅಡುಗೆಮನೆ ಸಾಮಾನ್ಯವಾಗಿ ಹನ್ನೆರಡರಿಂದ ಎರಡು ಗಂಟೆವರೆಗೆ ಅಷ್ಟೇ. ಒಮ್ಮೆ ನಾನು ಇಪ್ಪತ್ತೆರಡು ಜನರನ್ನು ಎರಡೂಕಾಲಿಗೆ ಕರೆದುಕೊಂಡು ಹೋದೆ. ಒಲೆ ಆರಿಸಿಯಾಗಿತ್ತು. ಸಕ್ಕರೆ ಕಾಯಿಲೆ ಇದ್ದ ಅಂಕಲ್ ಒಬ್ಬರಿಗೆ ಕೈ ನಡುಗಲು ಶುರುವಾಯಿತು. ಓಡಿ ಹೋಗಿ ಬ್ರೆಡ್ಡು, ಬಾಳೆಹಣ್ಣು ತಂದೆ. ಅವತ್ತಿನಿಂದ ಹನ್ನೆರಡೂವರೆಗೆ ಟೇಬಲ್ ಕಾದಿರಿಸದೆ ಹೊರಡುವುದಿಲ್ಲ. ಸುಮ್ನೆ "ವೆಜಿಟೇರಿಯನ್" ಅಂದರೆ ಮೊಟ್ಟೆಯೋ ಮೀನೋ ಬಂದುಬಿಡಬಹುದು. ಮಾಂಸ, ಮೀನು, ಮೊಟ್ಟೆ ಮೂರೂ ಬೇಡ ಎಂದು ಫ್ರೆಂಚ್‌ನಲ್ಲಿ ಬರೆದ ಚೀಟಿ ಮೊದಲೇ ಕಳಿಸಿ. ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ, ನಮ್ಮ ದೋಸೆಯಂಥ ಗಾಲೆತ್ ಸಿಗುತ್ತದೆ. ಚೀಸ್, ಅಣಬೆ ಹಾಕಿಸಿಕೊಳ್ಳಬಹುದು. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಎಂದು ಕೇಳಿ.

ಊಟದ ಮೇಲೆ ಗುಂಪನ್ನು ಎರಡು ಮಾಡಿ. ಮಂಡಿ ಗಟ್ಟಿ ಇರುವವರು ಮೆಟ್ಟಿಲಿಳಿದು ಯೂರ್ ಹೊಳೆಯ ದಡಕ್ಕೆ ಹೋಗಲಿ. ಹಳೇ ಸೇತುವೆಗಳು, ಬಟ್ಟೆ ಒಗೆಯುತ್ತಿದ್ದ ಕಟ್ಟೆಗಳು ಅಲ್ಲಿವೆ. ಇಳಿಯುವುದು ಸಲೀಸು, ವಾಪಸ್ ಹತ್ತುವಾಗ ಏದುಸಿರು. ಉಳಿದವರು ಚರ್ಚಿನ ಹಿಂದಿನ ತೋಟದಲ್ಲಿ ಕೂತರೆ ಕೆಳಗಿನ ಊರು ಅಲ್ಲಿಂದಲೇ ಕಾಣುತ್ತದೆ.

ಸಾಧ್ಯವಾದರೆ ಶುಕ್ರವಾರವೇ ಹೋಗಿ. ಚರ್ಚಿನ ನೆಲದಲ್ಲಿ ಹೆಚ್ಚುಕಡಿಮೆ 13 ಮೀಟರ್ ಅಗಲದ ಕಲ್ಲಿನ ಸುತ್ತುದಾರಿ ಇದೆ. ಬೇರೆ ದಿನ ಅದರ ಮೇಲೆ ಕುರ್ಚಿ ಹಾಕಿರುತ್ತಾರೆ. ಈಸ್ಟರ್ ಮುಂಚಿನ ಉಪವಾಸದ ದಿನಗಳಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ಶುಕ್ರವಾರ ತೆಗೆಯುತ್ತಾರೆ. ಹೊರಡುವ ಮುಂಚೆ ಚರ್ಚಿನ ವೆಬ್‌ಸೈಟ್ ನೋಡಿಕೊಳ್ಳಿ. ನಮ್ಮವರಿಗೆ ತಕ್ಷಣ ಹಳೇಬೀಡಿನ ಗೋಡೆಯ ಚಕ್ರವ್ಯೂಹ ನೆನಪಾಗುತ್ತದೆ. ಇಲ್ಲಿ ದಾರಿ ಒಂದೇ, ಎಲ್ಲೂ ಕವಲಿಲ್ಲ. ಸುತ್ತುತ್ತಾ ಸುತ್ತುತ್ತಾ 260 ಮೀಟರ್ ನಡೆದರೆ ನಡುವಿಗೆ ಬರುತ್ತೀರಿ.

ಹೋದ ವರ್ಷ ತಿಪಟೂರಿನ ಅಜ್ಜಿಯೊಬ್ಬರು ಬೂಟು ಬಿಚ್ಚಿ ಸೊಸೆ ಕೈಗೆ ಕೊಟ್ಟು, ಕಾಲುಚೀಲದಲ್ಲೇ ಹೊರಟರು. ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ನಡೆದು ಬರಲು ಅರ್ಧ ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ನಾವು ಮುಂದಿನ ರೈಲು ಹಿಡಿದೆವು.