ಅಲಾರಂ ಹೊಡೆದಾಗ ಓಡಿ ಬರೋರು ಯಾರು ಅಂತ ಮೊದ್ಲು ಹೇಳಿ

ಕಾರವಾರದಿಂದ ಭಟ್ಕಳದ ತನಕ ಐಸ್ ಪ್ಲಾಂಟು, ಮೀನಿನ ಕೋಲ್ಡ್ ರೂಮು, ಘಟ್ಟ ಹತ್ತಿದ್ರೆ ಶಿರಸಿ ಸಿದ್ದಾಪುರದ ಅಡಿಕೆ ಡ್ರೈಯರು, ಇವಕ್ಕೆಲ್ಲ ಸೆನ್ಸರ್ ಹಾಕೋದು, ಹಾಕಿದ್ದನ್ನ ನೋಡ್ಕೊಳ್ಳೋದು ನನ್ನ ಕೆಲಸ. ಮೊದ್ಲೆಲ್ಲ ಮಾಲೀಕರು ಫೋನ್ ಮಾಡಿ "ಟೆಂಪರೇಚರ್ ಮೊಬೈಲಲ್ಲಿ ಕಾಣೋ ಹಾಗೆ ಮಾಡ್ಕೊಡಿ" ಅಂತಿದ್ರು. ಈಗ ಕೇಳೋದೇ ಬೇರೆ, "ಕೆಲಸದವರ ಕೈಗೆ ಕಟ್ಟೋ ವಾಚ್ ಬಂದಿದ್ಯಂತಲ್ಲ, ಯಾರು ಎಲ್ಲಿದ್ದಾರೆ, ಎಷ್ಟು ಹೊತ್ತು ಸುಮ್ನೆ ಕೂತ್ರು ಎಲ್ಲ ಗೊತ್ತಾಗ್ತದಂತಲ್ಲ, ನಮ್ಮಲ್ಲೂ ಹಾಕ್ಸೋಣ" ಅಂತಾರೆ. ಹಾಕ್ಸಬಹುದು, ಬೇಡ ಅಂತ ನಾನು ಹೇಳೋದಿಲ್ಲ. ಆದ್ರೆ ದುಡ್ಡು ಕೊಡೋಕೆ ಮೊದ್ಲು ಮೂರು ವಿಷಯ ಕೇಳ್ತೇನೆ: ಅದು ಕೂಗಿದಾಗ ಬರೋರು ಯಾರು, ಬಂದು ಮಾಡೋದು ಏನು, ಅದ್ರ ಲೆಕ್ಕ ಯಾರ ಕೈಲಿರ್ತದೆ. ಇದಕ್ಕೆ ಉತ್ತರ ಇಲ್ದೆ ತಂದಿಟ್ಟ ಸಾಧನ ಆರು ತಿಂಗಳಲ್ಲಿ ಡ್ರಾವರ್ ಸೇರ್ತದೆ, ಇಲ್ಲಾಂದ್ರೆ ಜಗಳಕ್ಕೆ ಕಾರಣ ಆಗ್ತದೆ.

ಮೈಮೇಲೆ ಹಾಕ್ಕೊಂಡು ಕೆಲಸ ಮಾಡೋ ಸಾಧನ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇದಾವೆ, ಅಲ್ಲಿ ವಿಕಿರಣ ಇರೋ ಜಾಗದಲ್ಲಿ ಕೆಲಸ ಮಾಡೋರ ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರ್ತದೆ, ಆಸ್ಪತ್ರೆಯ ಎಕ್ಸ್‌ರೇ ಟೆಕ್ನಿಶಿಯನ್ ಹಾಕ್ಕೊಳ್ಳೋದೂ ಅದನ್ನೇ. ಅದ್ರಲ್ಲಿ ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ, ಬ್ಲೂಟೂತ್ ಇಲ್ಲ. ಒಳಗಿರೋದು ಕ್ಯಾಲ್ಸಿಯಂ ಸಲ್ಫೇಟ್‌ಗೆ ಚೂರು ಡಿಸ್ಪ್ರೋಸಿಯಂ ಸೇರಿಸಿ ಮಾಡಿದ ಮೂರು ಸಣ್ಣ ಬಿಲ್ಲೆ, ಅವು ತಾಗಿದ ವಿಕಿರಣವನ್ನ ಹಿಡಿದಿಟ್ಕೊಳ್ತವೆ, ಆಮೇಲೆ ಲ್ಯಾಬಲ್ಲಿ ಬಿಸಿ ಮಾಡಿದ್ರೆ ಬೆಳಕು ಬಿಡ್ತವೆ, ಆ ಬೆಳಕನ್ನ ಅಳೆದು ಡೋಸ್ ಎಷ್ಟು ಅಂತ ಹೇಳ್ತಾರೆ. ನನಗೆ ಅದ್ರಲ್ಲಿ ಇಷ್ಟ ಆಗೋದು ಬಿಲ್ಲೆಗಿಂತ ಹೆಚ್ಚಾಗಿ ಅದ್ರ ಹಿಂದಿರೋ ವ್ಯವಸ್ಥೆ. ಮಿತಿ ಮೊದ್ಲೇ ಬರೆದಿಟ್ಟಿದ್ದಾರೆ, ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸಿನ ಅಳತೆ), ಯಾವ ಒಂದೇ ವರ್ಷದಲ್ಲೂ 30 ದಾಟೋ ಹಾಗಿಲ್ಲ. ಲೆಕ್ಕ ಇರೋದು ಆ ಮನುಷ್ಯನ ಹೆಸರಲ್ಲಿ, ಬಿಎಆರ್‌ಸಿ ಅಂದ್ರೆ ಭಾಭಾ ಅಣು ಸಂಶೋಧನಾ ಕೇಂದ್ರದ ರಾಷ್ಟ್ರೀಯ ನೋಂದಣಿಯಲ್ಲಿ, ಅವ್ರು ಕೆಲಸ ಬಿಟ್ಟು ಇನ್ನೊಂದು ಕಡೆ ಸೇರಿದ್ರೂ ಹಿಂದಿನ ಡೋಸ್ ಜೊತೆಗೇ ಹೋಗ್ತದೆ. ಮತ್ತೆ ಆ ಬ್ಯಾಡ್ಜ್ ಅಳೆಯೋದು ವಿಕಿರಣ ಒಂದನ್ನೇ, ಟೀ ಕುಡಿಯೋಕೆ ಎಷ್ಟು ಹೊತ್ತು ಹೋದ್ರು ಅನ್ನೋದನ್ನ ಅದು ಬರ್ಕೊಳ್ಳೋದಿಲ್ಲ. ಹಾಗಾಗಿ ಅದನ್ನ ಹಾಕ್ಕೊಳ್ಳೋಕೆ ಯಾರೂ ಅನುಮಾನ ಪಡಬೇಕಾಗಿಲ್ಲ.

ಇದೇ ರೀತಿ ನಮ್ಮ ಐಸ್ ಪ್ಲಾಂಟಲ್ಲಿ ಮಾಡೋಕೆ ಆಗೋದು ಅಮೋನಿಯಾ ಕ್ಲಿಪ್‌ನಿಂದ, ಅಲ್ಲಿ ತಂಪು ಮಾಡೋಕೆ ಬಳಸೋ ಗ್ಯಾಸು ಅಮೋನಿಯಾ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಂಗಿ ಕಾಲರ್‌ಗೆ ಸಿಕ್ಕಿಸ್ಕೊಳ್ಳೋದು, ಮೂಗಿನ ಹತ್ರದ ಗಾಳಿಯಲ್ಲಿ ಅಮೋನಿಯಾ ಎಷ್ಟಿದೆ ಅಂತ ನೋಡ್ತಾ ಇರ್ತದೆ, ಜಾಸ್ತಿ ಆದ್ರೆ ಕೂಗ್ತದೆ, ನಡುಗ್ತದೆ, ದೀಪ ಮಿನುಗಿಸ್ತದೆ. ಕಂಪ್ರೆಸರ್ ಸದ್ದಲ್ಲಿ ಕೂಗು ಕೇಳೋದಿಲ್ಲ, ಅದಕ್ಕೇ ನಡುಗೋದು ಬೇಕೇ ಬೇಕು. ಎಂಟು ಗಂಟೆ ಸರಾಸರಿಗೆ 25 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು), ಹದಿನೈದು ನಿಮಿಷಕ್ಕೆ 35, ಇದು ಕೆಲಸದ ಜಾಗಕ್ಕೆ ಹಾಕಿರೋ ಮಿತಿ. 300 ಅಂದ್ರೆ ಜೀವಕ್ಕೇ ಅಪಾಯ. ಪ್ಲಾಂಟಿನ ಹಳೇ ಆಪರೇಟರ್‌ಗಳು ಹೇಳ್ತಾರೆ, "ಸರ್, ನಮಗೆ ವಾಸನೆ ಬಂದ್ರೆ ಗೊತ್ತಾಗ್ತದೆ, ಇಷ್ಟು ವರ್ಷ ಮಷೀನ್ ಇತ್ತಾ?" ಅಂತ. ಅವರ ಅನುಭವದ ಬಗ್ಗೆ ನನಗೆ ಗೌರವ ಇದೆ, ಆದ್ರೆ ಕಷ್ಟ ಇರೋದೂ ಅಲ್ಲೇ, ದಿನಾ ಸ್ವಲ್ಪ ಸ್ವಲ್ಪ ಸೋರೋ ಕಡೆ ಕೆಲಸ ಮಾಡೋರ ಮೂಗಿಗೆ ಆ ವಾಸನೆ ರೂಢಿ ಆಗಿಬಿಡ್ತದೆ, ಹೊಸಬ ಒಳಗೆ ಬಂದು ಕಣ್ಣು ಉಜ್ಜಿಕೊಳ್ಳುವಾಗ ಹಳಬರಿಗೆ ಏನೂ ಅನಿಸೋದಿಲ್ಲ. ಮತ್ತೆ ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗ್ತದೆ ಅಂತ ಪುಸ್ತಕದಲ್ಲಿ ಇರ್ತದೆ, ಅದಕ್ಕೇ ಗೋಡೆ ಸೆನ್ಸರನ್ನ ಮೇಲೆ ಕೂರಿಸ್ತಾರೆ. ಆದ್ರೆ ದೊಡ್ಡ ಸೋರಿಕೆ ಆದ್ರೆ, ನಮ್ಮ ಕರಾವಳಿಯ ಹಸಿ ಗಾಳಿಯಲ್ಲಿ, ಅದು ಬಿಳಿ ಮಂಜಿನ ಹಾಗೆ ನೆಲದ ಹತ್ರಾನೇ ನಿಲ್ಲಬಹುದು. ಗೋಡೆದೂ ಬೇಕು, ಕಾಲರ್‌ದೂ ಬೇಕು.

ಕ್ಲಿಪ್ ತಗೊಂಡ್ರೆ ಮುಗೀತು ಅಂತ ತಿಳ್ಕೋಬೇಡಿ. ಒಳಗಿರೋ, ಗ್ಯಾಸ್ ಗುರುತಿಸೋ ಸೆಲ್ ರಾಸಾಯನಿಕದ್ದು, ಎರಡು ವರ್ಷ, ಹೆಚ್ಚಂದ್ರೆ ಮೂರು, ಆಮೇಲೆ ಅದು ಸಾಯ್ತದೆ, ಸತ್ತದ್ದು ಹೊರಗಿಂದ ಕಾಣೋದಿಲ್ಲ. ಸ್ಕ್ರೀನಲ್ಲಿ ಸೊನ್ನೆ ತೋರಿಸ್ತಾ ಇರ್ತದೆ, ಗಾಳಿ ಶುದ್ಧ ಇದ್ದಾಗಲೂ ಸೊನ್ನೆ, ಸೆಲ್ ಸತ್ತಾಗಲೂ ಸೊನ್ನೆ! ಅದಕ್ಕೇ ಗೊತ್ತಿರೋ ಪ್ರಮಾಣದ ಗ್ಯಾಸನ್ನ ಸಣ್ಣ ಸಿಲಿಂಡರಿಂದ ಅದ್ರ ಮೂತಿಗೆ ಬಿಟ್ಟು ಕೂಗ್ತದಾ ನೋಡಬೇಕು, ಬಂಪ್ ಟೆಸ್ಟ್ ಅಂತಾರೆ. ಕೊಟೇಶನ್‌ನಲ್ಲಿ ಆ ಸಿಲಿಂಡರ್ ಇಲ್ಲ ಅಂದ್ರೆ ಆ ಕೊಟೇಶನ್ ವಾಪಸ್ ಕೊಡಿ.

ಕೋಲ್ಡ್ ರೂಮಿಂದು ಬೇರೆ ಕಥೆ. ಫ್ರೀಜ್ ಮಾಡಿದ ಮೀನು ಮೈನಸ್ 18ರಲ್ಲಿ ಇರಬೇಕು, ಸೆನ್ಸರ್ ಹಾಕಿದ್ದಾರೆ, ಅಲಾರಂ ಇದೆ, ಆದ್ರೆ ಲೋಡಿಂಗ್‌ಗೆ ಬಾಗಿಲು ತೆಗೆದಾಗಲೆಲ್ಲ ಬಿಸಿ ಗಾಳಿ ಒಳಗೆ ಹೋಗಿ ಪ್ರೋಬಿಗೆ (ಸೆನ್ಸರಿನ ಅಳೆಯೋ ತುದಿಗೆ) ತಾಗಿ ಕೂಗೋಕೆ ಶುರು. ಮೀನಿಗೆ ಏನೂ ಆಗಿರೋದಿಲ್ಲ. ಎರಡು ದಿನ ಎಲ್ರೂ ಓಡಿ ಬರ್ತಾರೆ, ಮೂರನೇ ದಿನ ಯಾರೋ ಒಬ್ರು ಫೋನ್ ಸೈಲೆಂಟ್ ಮಾಡ್ತಾರೆ, ಅಲ್ಲಿಗೆ ನಿಮ್ಮ ಅಲಾರಂ ಮುಗೀತು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಗ್ಲಿಸರಿನ್‌ಗೆ ಸ್ವಲ್ಪ ನೀರು ಬೆರೆಸಿ ತುಂಬಿ, ಮುಚ್ಚಳಕ್ಕೆ ತೂತು ಮಾಡಿ ಪ್ರೋಬನ್ನ ಅದರೊಳಗೆ ಮುಳುಗಿಸಿ, ತೂತಿಗೆ ಸಿಲಿಕೋನ್ ಅಂಟು ಹಚ್ಚಿ, ಬಾಗಿಲಿಂದ ದೂರ, ಮೀನಿನ ಪೆಟ್ಟಿಗೆಗಳ ಎತ್ತರದಲ್ಲೇ ಕಟ್ಟಿ. ಗ್ಲಿಸರಿನ್ ನಿಧಾನಕ್ಕೆ ಬಿಸಿ ಆಗ್ತದೆ, ಪೆಟ್ಟಿಗೆಯೊಳಗಿನ ಮೀನೂ ನಿಧಾನಕ್ಕೆ ಬಿಸಿ ಆಗ್ತದೆ, ಹಾಗಾಗಿ ಅದು ಕೂಗಿದ್ರೆ ನಿಜವಾಗ್ಲೂ ಏನೋ ಆಗಿದೆ ಅಂತ ಅರ್ಥ. ಜೊತೆಗೆ ಇನ್ನೊಂದು ನೋಡ್ಕೊಳ್ಳಿ: ಸೆನ್ಸರ್ ವೈಫೈ ಮೇಲೆ, ವೈಫೈ ರೂಟರ್ ಕರೆಂಟ್ ಮೇಲೆ, ಜೂನ್ ಜುಲೈನಲ್ಲಿ ಮರ ಬಿದ್ದು ಲೈನ್ ಹೋದಾಗ ಕಂಪ್ರೆಸರೂ ನಿಂತಿತು ರೂಟರೂ ನಿಂತಿತು, ಮೆಸೇಜ್ ಕಳ್ಸೋರು ಯಾರು? ಸಿಮ್ ಇರೋ, ತನ್ನದೇ ಬ್ಯಾಟರಿ ಇರೋ ಸಾಧನ ತಗೊಳ್ಳಿ. ಸಿಮ್ ಹಾಕೋ ಮೊದ್ಲು ಒಳಗಿನ ಮಾಡ್ಯೂಲ್ 2ಜಿಯೋ 4ಜಿಯೋ ಕೇಳಿ, ಕಮ್ಮಿ ರೇಟಿನ ಎಷ್ಟೋ ಡಬ್ಬಿಗಳು ಬರೀ 2ಜಿ, ಜಿಯೋಗೆ 2ಜಿ ಇಲ್ವೇ ಇಲ್ಲ.

ಈಗ ಕೈಗೆ ಕಟ್ಟೋ ವಾಚಿಗೆ ಬರೋಣ. ಹೊರದೇಶದ ಗೋದಾಮುಗಳಲ್ಲಿ ಬೆರಳಿಗೆ ಹಾಕ್ಕೊಳ್ಳೋ ಸ್ಕ್ಯಾನರು, ಕಣ್ಣಿಗೆ ಹಾಕ್ಕೊಳ್ಳೋ ಸ್ಮಾರ್ಟ್ ಗ್ಲಾಸು ಎಲ್ಲ ಬಳಸ್ತಾರೆ, ಗೂಗಲ್ ತನ್ನ ಗ್ಲಾಸನ್ನ ಕಂಪನಿಗಳಿಗೇ ಅಂತ 2017ರಲ್ಲಿ ತಂದು 2023ರಲ್ಲಿ ನಿಲ್ಲಿಸಿಬಿಡ್ತು. ನಮ್ಮಲ್ಲಿ ಎಲ್ರೂ ಕೇಳೋದು ಎದೆಬಡಿತ ಅಳೆಯೋ ಹಾರ್ಟ್‌ರೇಟ್ ಕೈಪಟ್ಟಿ. ಅದು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತ ಹರಿಯೋವಾಗ ವಾಪಸ್ ಬರೋ ಬೆಳಕು ಹೇಗೆ ಬದಲಾಗ್ತದೆ ಅಂತ ನೋಡಿ ಬಡಿತ ಲೆಕ್ಕ ಹಾಕ್ತದೆ. ಆದ್ರೆ ಮೀನು ಆರಿಸೋ ಹೆಂಗಸರ ಕೈ ಬೆಳಗ್ಗಿಂದ ಐಸಲ್ಲೇ ಇರ್ತದೆ, ಚಳಿಗೆ ಚರ್ಮದ ರಕ್ತನಾಳ ಬಿಗಿದುಕೊಳ್ತವೆ, ಮೇಲಿಂದ ಗ್ಲೌಸು, ನೀರು, ಒಂದೇ ಸಮ ಕೈ ಆಡ್ತಾ ಇರ್ತದೆ, ಅಂಥ ಕೈಯಿಂದ ಬರೋ ನಂಬರ್ ಮೇಲೆ ಯಾರ ಬಗ್ಗೆಯೂ ಏನೂ ಹೇಳೋಕಾಗಲ್ಲ. ಬೆರಳಚ್ಚಿನ ಹಾಜರಿ ಮಷೀನಿಂದೂ ಅದೇ ಗತಿ, ಮೆಟ್ಟುಗತ್ತಿ ಮೇಲೆ ಕೂತು ದಿನವಿಡೀ ಅಡಿಕೆ ಸುಲಿಯೋರ ಬೆರಳಿನ ಗೆರೆ ಸವೆದಿರ್ತದೆ, ಚೊಗರು ಹಿಡಿದಿರ್ತದೆ. ಮಷೀನ್ ಹಿಡೀಲಿಲ್ಲ ಅಂತ ಅವರ ಅರ್ಧ ದಿನದ ಸಂಬಳ ಹಿಡಿಯೋದನ್ನ ಕಂಡಿದ್ದೇನೆ, ನನಗೆ ಸಿಟ್ಟೇ ಬಂತು. ಬೆರಳು ಸವೆದಿರೋದು ಕೆಲಸ ಮಾಡಿದ್ದಕ್ಕೇ ತಾನೇ? ಅಂಥ ಕಡೆ ಕಾರ್ಡ್ ಕೊಡಿ, ಇಲ್ಲಾ ಪುಸ್ತಕದಲ್ಲಿ ಸಹಿ ಹಾಕ್ಸಿ.

ಸೆಖೆ ಅಳೆಯೋದಾದ್ರೆ ಒಬ್ಬೊಬ್ಬರ ಕೈಗೆ ಕಟ್ಟೋ ಬದ್ಲು ಕೆಲಸದ ಜಾಗದಲ್ಲಿ ಒಂದು ಡಬ್ಲ್ಯುಬಿಜಿಟಿ ಮೀಟರ್ ಇಡಿ, ಅದು ಉಷ್ಣತೆ, ತೇವ, ಬಿಸಿಲು, ಗಾಳಿ ಎಲ್ಲ ಸೇರಿಸಿ ಒಂದು ಅಂಕಿ ಕೊಡ್ತದೆ. ಏಪ್ರಿಲ್ ಮೇನಲ್ಲಿ ಕಾರವಾರದಲ್ಲಿ ಥರ್ಮಾಮೀಟರ್ 34 ತೋರಿಸಿದ್ರೂ ಬೆವರು ಆರೋದೇ ಇಲ್ಲ, ಮೈ ತಣ್ಣಗಾಗೋ ದಾರಿಯೇ ಮುಚ್ಚಿರ್ತದೆ. ಆ ಅಂಕಿ ಏರಿದಾಗ ಎಲ್ರಿಗೂ ಒಟ್ಟಿಗೆ ವಿಶ್ರಾಂತಿ, ನೀರು. ಯಾರ ಎದೆಬಡಿತವೂ ಯಾರ ಮೊಬೈಲಿಗೂ ಹೋಗ್ಬೇಕಾಗಿಲ್ಲ.

ಘಟ್ಟದ ಮೇಲೆ ತೋಟದವರು ಕೇಳೋದು ಅಡಿಕೆ ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡರ ಬಗ್ಗೆ, ಮರದಿಂದ ಬಿದ್ರೆ ತಾನಾಗೇ ಸುದ್ದಿ ಬರೋ ಪಟ್ಟಿ ಇದ್ಯಾ ಅಂತ. ಅವ್ರ ಕಾಳಜಿ ನಿಜವಾದದ್ದು. ಇಂಥ ಪಟ್ಟಿ ಬೀಳೋದನ್ನ ಗುರುತಿಸೋದು ಹೀಗೆ, ಒಂದು ಕ್ಷಣ ತೂಕ ಇಲ್ಲದ ಹಾಗೆ ಕೆಳಗೆ ಬಂತು, ಧಪ್ ಅಂತು, ಆಮೇಲೆ ಅಲುಗಾಡ್ಲಿಲ್ಲ. ಆದ್ರೆ ಕೊನೆಗೌಡ ಒಂದು ಮರ ಬಗ್ಗಿಸಿ ಇನ್ನೊಂದಕ್ಕೆ ದಾಟ್ತಾನೆ, ಸರ್ರನೆ ಜಾರಿ ಇಳಿದು ನೆಲಕ್ಕೆ ಕಾಲಿಟ್ಟು ಕವಳ ಹಾಕೋಕೆ ಕೂರ್ತಾನೆ, ಪಟ್ಟಿಗೆ ಇವೆಲ್ಲ ಬಿದ್ದ ಹಾಗೇ ಕಾಣ್ತದೆ. "ಹೆಗಡೇರೇ, ಇದನ್ನ ಕಟ್ಕೊಂಡ್ರೆ ಮರ ತಬ್ಬೋಕೆ ಆಗೂದಿಲ್ಲ" ಅಂತ ಅವ್ರು ಬಿಚ್ಚಿ ಗಂಟಿಗೆ ಹಾಕಿದ್ರೆ ತಪ್ಪು ಅವರದ್ದಲ್ಲ. ನಾನು ಹೇಳೋದು ಸೊಂಟಕ್ಕೆ ಸಿಕ್ಕಿಸೋ ಬಟನ್, ಅರ್ಧ ಗಂಟೆಗೊಮ್ಮೆ ಅದು ಸಣ್ಣಗೆ ನಡುಗ್ತದೆ, ಒತ್ತದೇ ಇದ್ರೆ ಮನೆಗೆ ಸುದ್ದಿ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆ ತೋಟಕ್ಕೆ ಸಣ್ಣ ಮೆಸೇಜನ್ನ ದೂರಕ್ಕೆ ಕಳಿಸೋ ಲೋರಾ ರೇಡಿಯೋ ಆಗ್ತದೆ, 865ರಿಂದ 867 ಮೆಗಾಹರ್ಟ್ಜ್‌ಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ಆ ಮೆಸೇಜ್ ಹಿಡಿಯೋ ಡಬ್ಬಿ, ಅಂದ್ರೆ ಗೇಟ್‌ವೇಯನ್ನ ಮನೆ ಜಗಲಿ ಮೇಲೆ ಇಟ್ರೆ ಗುಡ್ಡ ಅಡ್ಡ ಬರ್ತದೆ, ಸೊಪ್ಪಿನ ಬೆಟ್ಟದ ತುದೀಲಿ ಇಡಿ, ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಬರೋದಿಲ್ಲ, ಸೋಲಾರ್ ಬ್ಯಾಟರಿಯನ್ನ ಆ ಲೆಕ್ಕಕ್ಕೇ ತಗೊಳ್ಳಿ. ಮತ್ತೆ ನೇರ ಹೇಳೋದಾದ್ರೆ, ದುಡ್ಡು ಒಂದಕ್ಕೇ ಇದೆ ಅಂದ್ರೆ ಕಾರ್ಬನ್ ಫೈಬರ್ ದೋಟಿ (ನೆಲದಿಂದಲೇ ಕೊನೆ ಕೊಯ್ಯೋ ಉದ್ದ ಕೋಲು) ತಗೊಳ್ಳಿ, ಮರ ಹತ್ತದೇ ಕೊನೆ ಇಳಿಸೋದು ಯಾವ ಪಟ್ಟಿಗಿಂತಲೂ ಸುರಕ್ಷಿತ.

ಬೋಟ್‌ಗಳಿಗೆ ಇಸ್ರೋ ಮಾಡಿದ ಟ್ರಾನ್ಸ್‌ಪಾಂಡರ್ ಬರ್ತಾ ಇದೆ, ಒಂದು ಲಕ್ಷ ಬೋಟಿಗೆ ಹಾಕೋ 364 ಕೋಟಿ ರೂಪಾಯಿ ಯೋಜನೆ, 2024ರ ಆಗಸ್ಟ್ 30ಕ್ಕೆ ಪಾಲ್ಘರ್‌ನಲ್ಲಿ ಶುರುವಾಯ್ತು. ದಡದಿಂದ ಸ್ವಲ್ಪ ದೂರ ಹೋದ್ರೆ ಮೊಬೈಲ್ ಸತ್ತ ಹಾಗೆ, ಇದು ಉಪಗ್ರಹದ ಮೂಲಕ ಎರಡೂ ಕಡೆ ಮೆಸೇಜ್ ಕಳಿಸ್ತದೆ, ಆಪತ್ತಿನ ಬಟನ್ ಇದೆ. ಬೈತಖೋಲದಲ್ಲಾಗ್ಲಿ ತದಡಿಯಲ್ಲಾಗ್ಲಿ ಬೋಟ್ ನಡೆಸೋ ತಂಡೇಲರಿಗೆ ಮನಸ್ಸಲ್ಲಿ ಇರೋ ಪ್ರಶ್ನೆ, ನಾವು ಮೀನು ಹಿಡಿಯೋ ಜಾಗ ಬೇರೆಯವರಿಗೆ ಗೊತ್ತಾಗ್ತದಾ ಅಂತ. ಅದು ಅವರ ಹೊಟ್ಟೆಪಾಡಿನ ಗುಟ್ಟು, ಲೊಕೇಶನ್ ಯಾರ್ಯಾರಿಗೆ ಕಾಣ್ತದೆ ಅಂತ ಬೋಟ್ ಮಾಲೀಕರು ತಂಡೇಲರ ಎದುರಿಗೇ ತೆರೆದು ತೋರಿಸ್ಬೇಕು.

ಲಾರಿ ಜಿಪಿಎಸ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಒಂದು ಲಾರಿಯ ಜಿಪಿಎಸ್ ಕೊನೇ ಸಲ ತೋರಿಸಿದ್ದು ಆ ಜಾಗವನ್ನೇ, ಆದ್ರೆ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗಂಗಾವಳಿ ನದಿಯೊಳಗೆ. ಜಿಪಿಎಸ್ ಡಬ್ಬಿ ಕೊಡೋದು ಕೊನೆಯದಾಗಿ ಸಿಗ್ನಲ್ ಸಿಕ್ಕ ಜಾಗ, ಆಮೇಲೆ ಮಣ್ಣೋ ನೀರೋ ಎಲ್ಲಿಗೆ ಒಯ್ತು ಅಂತ ಅದಕ್ಕೆ ಗೊತ್ತಿರೋದಿಲ್ಲ. ಹಾಗಾಗಿ ಗಾಡಿ ಓಡಿಸೋ ಕಂಪನಿಯವರು ಲೊಕೇಶನ್ ನೋಡೋದಕ್ಕಿಂತ ಮುಂಚೆ, ಮಳೆಯ ರೆಡ್ ಅಲರ್ಟ್ ಇದ್ದ ದಿನ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡ ಅಂತ ಡ್ರೈವರ್‌ಗೆ ಫೋನ್ ಮಾಡೋ ಒಬ್ಬ ಮನುಷ್ಯನನ್ನ ಇಟ್ಕೊಳ್ಳಿ.

ಕಾನೂನು ವಿಷಯ ಚಿಕ್ಕದಾಗಿ. ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ 2023ರದ್ದು, ಅದ್ರ ನಿಯಮಗಳು 2025ರ ನವೆಂಬರಲ್ಲಿ ಬಂದವು, ಮುಖ್ಯ ಭಾಗ ಜಾರಿಗೆ ಬರೋಕೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಡೇಟಾ ಸರಿಯಾಗಿ ಕಾಪಾಡದಿದ್ರೆ ದಂಡ 250 ಕೋಟಿ ತನಕ ಹೋಗಬಹುದು. ಕೆಲಸಕ್ಕೆ ಸಂಬಂಧಪಟ್ಟ ಕೆಲವು ಉದ್ದೇಶಕ್ಕೆ ಒಪ್ಪಿಗೆ ಬೇಡ ಅಂತ ಅದ್ರಲ್ಲಿ ಜಾಗ ಇದೆ, ಆದ್ರೂ ನಾನು ಪ್ರತಿ ಕಡೆ ಒಂದು ಪುಟದ ಕನ್ನಡ ಕಾಗದ ಬರೆಸ್ತೇನೆ, ಕಾರವಾರದ ಕಡೆ ಅದನ್ನ ಕೊಂಕಣಿಯಲ್ಲೂ ಓದಿ ಹೇಳಿಸ್ತೇನೆ: ಈ ಸಾಧನ ಏನು ಅಳೀತದೆ, ಯಾರು ನೋಡ್ತಾರೆ, ಎಷ್ಟು ದಿನ ಇಟ್ಕೊಳ್ತಾರೆ, ಇದನ್ನ ನೋಡಿ ಸಂಬಳ ಹಿಡಿಯೋದಿಲ್ಲ. ಕೊನೇ ಸಾಲಿಗೆ ಸಹಿ ಹಾಕೋಕೆ ಹಿಂದೆಮುಂದೆ ನೋಡೋ ಮಾಲೀಕರಿಗೆ ನಾನು ಕೈಪಟ್ಟಿ ಹಾಕ್ಕೊಡೋದಿಲ್ಲ, ಕೋಲ್ಡ್ ರೂಮ್ ಸೆನ್ಸರ್ ಬೇಕಾದ್ರೆ ಹಾಕ್ಕೊಡ್ತೇನೆ. ಕ್ಯಾಮರಾ, ರೂಟರ್, ಗೇಟ್‌ವೇಯ ಕಂಪನಿ ಪಾಸ್‌ವರ್ಡನ್ನ ಮೊದಲ ದಿನವೇ ಬದಲಿಸಿ, 2016ರಲ್ಲಿ ಮಿರಾಯಿ ಅನ್ನೋ ವೈರಸ್ ಲಕ್ಷಾಂತರ ಸಾಧನಗಳ ಒಳಗೆ ಹೊಕ್ಕಿದ್ದು ಬದಲಿಸದ ಪಾಸ್‌ವರ್ಡ್‌ಗಳಿಂದಲೇ.

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಬೋಟು ಕಟ್ಟಿರ್ತವೆ, ಐಸ್ ಪ್ಲಾಂಟಲ್ಲೂ ಕೆಲಸ ಕಮ್ಮಿ. ಅಮೋನಿಯಾ ಸೆಲ್ ಬದಲಿಸೋದು, ಬಂಪ್ ಟೆಸ್ಟ್, ಉಪ್ಪುಗಾಳಿಗೆ ಹಸಿರುಗಟ್ಟಿದ ಕನೆಕ್ಟರ್ ಬದಲಿಸೋದು, ಸಿಮ್ ರೀಚಾರ್ಜ್ ಇದ್ಯಾ ನೋಡೋದು, ಎಲ್ಲ ಆಗಲೇ ಮುಗಿಸ್ಕೊಳ್ಳಿ. ಡಬ್ಬಿ ಮೇಲೆ ಐಪಿ67 (ಧೂಳು, ನೀರು ಒಳಗೆ ಹೋಗೋದಿಲ್ಲ ಅನ್ನೋ ಗುರುತು) ಅಂತ ಬರೆದಿದ್ರೂ ನಂಬಿ ಕೂರಬೇಡಿ, ಅದು ಸಿಹಿನೀರಲ್ಲಿ ಒಂದು ಮೀಟರ್ ಆಳ ಅರ್ಧ ಗಂಟೆ ಮುಳುಗಿಸಿ ಮಾಡಿದ ಪರೀಕ್ಷೆ, ಉಪ್ಪಿನ ಬಗ್ಗೆ ಅದು ಏನೂ ಹೇಳೋದಿಲ್ಲ. ಆಗಸ್ಟ್ 1ರ ಹಿಂದಿನ ವಾರ ಒಂದು ಸಲ ಬೇಕಂತಲೇ ಅಲಾರಂ ಹೊಡೆಸಿ, ಯಾರು ಎಷ್ಟು ನಿಮಿಷಕ್ಕೆ ಬಂದ್ರು ಅಂತ ಬರೆದಿಡಿ. ರಾತ್ರಿ ಪಾಳಿಯಲ್ಲೂ ಒಂದು ಸಲ ಮಾಡಿ, ಆಗ ಪ್ಲಾಂಟಲ್ಲಿ ಇರೋದು ಒಬ್ಬರೋ ಇಬ್ಬರೋ.