75 ಯೂನಿಟ್ ಅಂದ್ರೆ ಎಷ್ಟನೇ ಗೆರೆ?

ಮಕ್ಕಳಾಗಲು ಚಿಕಿತ್ಸೆಗೆ ಬಂದವರಿಗೆ "ಈ ಹಾರ್ಮೋನ್ ಇಂಜೆಕ್ಷನ್ ಮನೆಯಲ್ಲಿ ನೀವೇ ಚುಚ್ಚಿಕೊಳ್ಳಬೇಕು" ಅಂದ ಕೂಡಲೇ ಮುಖ ಬಿಳಿಚಿಕೊಳ್ಳುತ್ತದೆ. ಎಲ್ಲರಿಗೂ ಸೂಜಿಯದೇ ಹೆದರಿಕೆ. ನನಗೆ ಅದರ ಚಿಂತೆ ಇಲ್ಲ. ಸಣ್ಣ ಸೂಜಿ, ಹೊಟ್ಟೆಯ ಚರ್ಮದಡಿಯ ಕೊಬ್ಬಿಗೆ ಹೋಗುತ್ತದೆ, ಮೂರನೇ ದಿನಕ್ಕೆ ಅಭ್ಯಾಸವಾಗಿಬಿಡುತ್ತದೆ. ಎಡವಟ್ಟಾಗುವುದು ಅಳತೆಯಲ್ಲಿ, ಇಲ್ಲಾ ಸಮಯದಲ್ಲಿ.

ಒಂದು ರಾತ್ರಿ ಫೋನ್ ಬಂತು. "ಮೇಡಂ, 75 ಯೂನಿಟ್ ಅಂತ ಬರೆದಿದ್ದೀರಿ. 75ರ ಗೆರೆವರೆಗೆ ಎಳೆದಿದ್ದೀನಿ. ಬಾಟಲಿಯಲ್ಲಿ ಇನ್ನೂ ಔಷಧಿ ಉಳಿದಿದೆಯಲ್ಲ, ಚೆಲ್ಲಲಾ?" ಆಕೆಯ ಕೈಯಲ್ಲಿದ್ದದ್ದು ಇನ್ಸುಲಿನ್ ಸಿರಿಂಜ್. ಅದರ ಮೇಲಿನ ಯೂನಿಟ್ ಇನ್ಸುಲಿನ್ನಿನ ಲೆಕ್ಕ. 100ರ ಗೆರೆ ಅಂದರೆ 1 ಎಂಎಲ್. ಆಕೆಯ ಬಾಟಲಿಯ ಪುಡಿಯಲ್ಲಿ ಇದ್ದದ್ದು 75 ಯೂನಿಟ್ ಹಾರ್ಮೋನ್, ಅದನ್ನು ಕರಗಿಸಿದ್ದು 1 ಎಂಎಲ್ ನೀರಿನಲ್ಲಿ. ಪೂರ್ತಿ 1 ಎಂಎಲ್ ಹೋದರೇ 75. ಆಕೆ ಎಳೆದಷ್ಟರಲ್ಲಿ ಇದ್ದದ್ದು ಸುಮಾರು 56. ದಿನಾ ಹೀಗೇ ಆಗಿದ್ದರೆ, ಸ್ಕ್ಯಾನಿನಲ್ಲಿ ಫಾಲಿಕಲ್ (ಅಂಡಾಣು ಬೆಳೆಯುವ ಪುಟ್ಟ ಚೀಲ) ಬೆಳೆದಿಲ್ಲ ಅಂತ ನಾವು ಸುಮ್ನೆ ಡೋಸ್ ಏರಿಸುತ್ತಿದ್ದೆವು. ಎಷ್ಟು ಎಂಎಲ್ ಅಂತ ಚೀಟಿಯಲ್ಲಿ ಬರೆಯದೇ ಇದ್ದದ್ದು ನನ್ನದೇ ತಪ್ಪು. ಈಗ ಸಿರಿಂಜಿನ ಚಿತ್ರ ಬರೆದು, ಗೆರೆಗೆ ಕೆಂಪು ಶಾಯಿ ಹಾಕಿ ಕೊಡುತ್ತೇನೆ.

ಡೋಸ್ ತಿರುಗಿಸಿ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್ ಆದರೆ ಈ ಗೊಂದಲ ಕಡಿಮೆ. ಆದರೂ ಗುಂಡಿ ಒತ್ತಿದ ಮೇಲೆ ಪುಟ್ಟ ಕಿಟಕಿಯಲ್ಲಿ 0 ಬಂತಾ ನೋಡಿ. ಹಲವು ಪೆನ್‌ಗಳಲ್ಲಿ 50 ಅಂತ ನಿಂತರೆ ಔಷಧಿ ಮುಗಿದಿದೆ, ಇನ್ನೂ 50 ಯೂನಿಟ್ ಹೊಸ ಪೆನ್ನಿನಿಂದ ತಗೋಬೇಕು ಅಂತ ಅರ್ಥ. ಪ್ರತಿ ಸಲವೂ ಹೊಸ ಸೂಜಿ. ಹೊಕ್ಕಳಿನಿಂದ ಎರಡು ಮೂರು ಬೆರಳು ದೂರ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಫ್ರಿಜ್‌ನಲ್ಲಿಡಿ ಅಂತ ಡಬ್ಬಿಯ ಮೇಲಿದ್ದರೆ 2ರಿಂದ 8 ಡಿಗ್ರಿ. ಫ್ರೀಜರ್ ಖಂಡಿತ ಬೇಡ, ಹೆಪ್ಪುಗಟ್ಟಿದ ಔಷಧಿ ಕೆಟ್ಟ ಹಾಗೇ. ಒಂದು ಡೋಸ್ ಮರೆತರೆ ಮರುದಿನ ಎರಡು ಚುಚ್ಚಿಕೊಳ್ಳಬೇಡಿ, ನಮ್ಮನ್ನು ಕೇಳಿ. ಅಕ್ಕನ ಚಿಕಿತ್ಸೆಯಲ್ಲಿ ಉಳಿದದ್ದನ್ನು ತಂಗಿ ಚುಚ್ಚಿಕೊಂಡು ಬಂದದ್ದನ್ನೂ ನೋಡಿದ್ದೇನೆ. ಅದರ ಬಗ್ಗೆ ಏನು ಹೇಳಲಿ!

ಅಂಡಾಣು ಬಲಿಯಲು ಕೊಡುವ ಕೊನೆಯ ಟ್ರಿಗರ್ ಇಂಜೆಕ್ಷನ್ ಮಾತ್ರ ಗಡಿಯಾರ ನೋಡಿಯೇ ಆಗಬೇಕು. ಐವಿಎಫ್‌ನಲ್ಲಿ (ಪ್ರನಾಳ ಶಿಶು ಚಿಕಿತ್ಸೆಯಲ್ಲಿ) ಅದಾದ 34ರಿಂದ 36 ಗಂಟೆಗೆ ಅಂಡಾಣು ತೆಗೆಯುತ್ತೇವೆ. ಬೇಗ ಹೋದರೆ ಅವು ಬಲಿತಿರುವುದಿಲ್ಲ, ತಡವಾದರೆ ಫಾಲಿಕಲ್ ಒಡೆದು ಹೋಗಿರುತ್ತದೆ. ರಾತ್ರಿ ಹತ್ತಕ್ಕೆ ಅಂದಿದ್ದೆವು, ನೀವು ಹನ್ನೊಂದೂವರೆಗೆ ಚುಚ್ಚಿಕೊಂಡಿರಾ? ಪರವಾಗಿಲ್ಲ, ಹೇಳಿ, ನಾವೂ ಒಂದೂವರೆ ಗಂಟೆ ಮುಂದಕ್ಕೆ ಹಾಕುತ್ತೇವೆ. ಬೈತಾರೆ ಅಂತ ಮುಚ್ಚಿಟ್ಟರೆ ಇಡೀ ತಿಂಗಳ ಶ್ರಮ ನೀರುಪಾಲು. ಇನ್ನೊಂದು ಮಾತು. ಟ್ರಿಗರ್‌ನಲ್ಲಿ ಸಾಮಾನ್ಯವಾಗಿ ಇರುವುದು ಎಚ್‌ಸಿಜಿ, ಗರ್ಭಿಣಿಯಾದಾಗ ಬರುವ ಹಾರ್ಮೋನೇ. ಅದಕ್ಕೇ ವಾರದೊಳಗೆ ಗರ್ಭಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಕಂಡರೆ ಊರಿಗೆಲ್ಲ ಹೇಳಬೇಡಿ. ನಾವು ಹೇಳಿದ ದಿನದವರೆಗೆ ತಡೆದುಕೊಳ್ಳಿ.

ಟ್ರಿಗರ್ ಆದ ಮೇಲೆ ಹೊಟ್ಟೆ ಸ್ವಲ್ಪ ಉಬ್ಬುವುದು ಮಾಮೂಲು. ಕೆಲವರಲ್ಲಿ ಮಾತ್ರ, ಅದರಲ್ಲೂ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರುವವರಲ್ಲಿ ಜಾಸ್ತಿ, ಅಂಡಾಶಯ ಊದಿಕೊಂಡು ರಕ್ತನಾಳದ ನೀರು ಹೊಟ್ಟೆಯೊಳಗೆ ಸೋರುತ್ತದೆ. ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಅಪಾಯವೂ ಇದೆ. ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ, ಹೊಟ್ಟೆನೋವು ತಡೆಯಲಾಗದಿದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಅದಕ್ಕೇ ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ ಅನ್ನುತ್ತೇನೆ. ಫೋನಿನಲ್ಲಿ "ಹೊಟ್ಟೆ ಯಾಕೋ ಭಾರ" ಅಂದರೆ ನನಗೆ ಅರ್ಧವೇ ಗೊತ್ತಾಗುವುದು. "ನಿನ್ನೆ 58 ಇತ್ತು ಮೇಡಂ, ಇವತ್ತು 60, ಬೆಳಗಿನಿಂದ ಎರಡೇ ಸಲ ಮೂತ್ರಕ್ಕೆ ಹೋಗಿದ್ದು" ಅಂದರೆ, ಹೊರಡಿ ಅಂತ ತಕ್ಷಣ ಹೇಳಬಹುದು.